ಅರ್ಧಪ್ಪನ ಎದೆ

ನಾನು ಒಂದು ಬೊಂಬೆ. ಬೊಂಬೆ ಎಂದ ಕೂಡಲೇ ಮಕ್ಕಳು ಎತ್ತಿ ಮುದ್ದಾಡುವ ಜಾತಿಯದು ಎಂದುಕೊಳ್ಳಬೇಡಿ. ನನಗೆ ತಲೆಯಿದೆ, ಕತ್ತಿದೆ, ಎದೆಯಿದೆ. ಹೊಕ್ಕುಳಿನ ಹತ್ತಿರ ಬಂದು ನಾನು ಮುಗಿದೇ ಹೋಗುತ್ತೇನೆ. ಕೈಯೂ ಇಲ್ಲ, ಕಾಲೂ ಇಲ್ಲ. ಬಾಯಿ ಸದಾ ಅರ್ಧ ತೆರೆದಿರುತ್ತದೆ, ಮಾತು ಮಾತ್ರ ಬರುವುದಿಲ್ಲ. ಹೃದಯ ನಿಂತು ಬಿದ್ದವರ ಎದೆ ಒತ್ತಿ ಜೀವ ಹಿಡಿದಿಡುವುದು ಹೇಗೆ ಎಂದು ಜನರಿಗೆ ಕಲಿಸಲು ನನ್ನನ್ನು ಮಾಡಿದ್ದಾರೆ. ಎದೆಯ ನಟ್ಟನಡುವೆ ಅಂಗೈ ಊರಿ ಎರಡು ಇಂಚು ಆಳಕ್ಕೆ ಸರಿಯಾಗಿ ಒತ್ತಿದರೆ ನನ್ನೊಳಗಿನಿಂದ 'ಟಿಕ್' ಎಂಬ ಸದ್ದು ಬರುತ್ತದೆ. ತಪ್ಪು ಒತ್ತಿದರೆ ಬರುವುದಿಲ್ಲ. ನನ್ನ ಇಡೀ ಭಾಷೆ ಅಷ್ಟೇ.

ನಾನು ಹುಟ್ಟಿದ್ದು ಉತ್ತರದ ಕಡೆಯ ಯಾವುದೋ ಊರಿನ ತಗಡಿನ ಶೆಡ್ಡಿನಲ್ಲಿ. ಸ್ಪ್ರಿಂಗ್ ಕೂರಿಸಿದ ಹೆಂಗಸು ನನ್ನ ಎದೆಯನ್ನು ಹತ್ತು ಸಲ ಒತ್ತಿದಳು. ಹತ್ತೂ ಸಲ ಟಿಕ್ ಎಂದೆ. ಅವಳು ತಲೆಯಾಡಿಸಿ ನನ್ನನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿದಳು. ಆ ಹತ್ತು ಒತ್ತು ತಿಂದ ಮೇಲೆ ನನಗೆ ಹುಮ್ಮಸ್ಸು ಬಂದುಬಿಟ್ಟಿತ್ತು. ಎಲ್ಲಿಗೆ ಹೋಗಲಿ, ಯಾರಿಗೆ ಕಲಿಸಲಿ ಎಂದು ಲಾರಿಯಲ್ಲಿ ದಾರಿಯುದ್ದಕ್ಕೂ ಚಡಪಡಿಸಿಕೊಂಡು ಬಂದೆ.

ಬಂದು ಸೇರಿದ್ದು ಹಾವೇರಿ ಕಡೆಯ ಒಂದು ಸಕ್ಕರೆ ಕಾರ್ಖಾನೆಗೆ. ಆಫೀಸಿನ ಮುಂದಿನ ಪಡಸಾಲೆಯಲ್ಲಿ ಗಾಜಿನ ಬೀರು, ಅದರೊಳಗೆ ನಾನು. ತಪಾಸಣೆಗೆ ಬಂದವರು ನನ್ನನ್ನು ನೋಡಿ ಪುಸ್ತಕದಲ್ಲಿ ಗುರುತು ಹಾಕಿಕೊಂಡು ಹೋಗುತ್ತಿದ್ದರು. ಬೀರುವಿನ ಕೀಲಿ ಸುರಕ್ಷತಾ ಅಧಿಕಾರಿಯ ಜೇಬಿನಲ್ಲಿ ಇರುತ್ತಿತ್ತು. ಮೂರು ವರ್ಷ ಕಳೆದರೂ ನನ್ನ ಮೈಮೇಲಿನ ಪ್ಲಾಸ್ಟಿಕ್ ಚೀಲ ಬಿಚ್ಚಲಿಲ್ಲ. ಗಾಜಿನ ಆಚೆ ದಿನಾ ನೂರಾರು ಗಟ್ಟಿಮುಟ್ಟಾದ ಕೈಗಳು ಓಡಾಡುತ್ತಿದ್ದವು. ಇಷ್ಟು ಕೈಗಳಲ್ಲಿ ಒಂದಾದರೂ ನನ್ನ ಕಡೆ ಬರಬಾರದೇ ಎಂದು ನನಗೆ ಒಳಗೊಳಗೇ ಉರಿಯುತ್ತಿತ್ತು.

ಒಂದು ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕೊಟ್ರೇಶಿ ಎಂಬ ಫಿಟ್ಟರು ಪಡಸಾಲೆಯಲ್ಲಿ ನಡೆದುಬರುತ್ತ ಇದ್ದಕ್ಕಿದ್ದಂತೆ ಕುಸಿದುಬಿದ್ದ. ನನ್ನ ಬೀರುವಿನಿಂದ ಹತ್ತು ಹೆಜ್ಜೆ. ಜನ ಓಡಿಬಂದರು. ಒಬ್ಬ ಅಂಗಾಲು ಉಜ್ಜಿದ. ಒಬ್ಬ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದ. ಇನ್ನೊಬ್ಬ ಕೀಲಿಗೊಂಚಲು ತಂದು ಕೈಯಲ್ಲಿಟ್ಟು ಬೆರಳು ಮಡಚಿದ. ಮತ್ತೊಬ್ಬ ತೆರೆದ ಬಾಯಿಗೆ ನೀರು ಸುರಿದ. "ಗಾಳಿ ಬಿಡ್ರಿ, ಗಾಳಿ ಬಿಡ್ರಿ" ಎಂದು ಕೂಗುತ್ತಲೇ ಎಲ್ಲರೂ ಇನ್ನಷ್ಟು ಹತ್ತಿರ ಬಂದರು. ಕೆಟ್ಟವರು ಯಾರೂ ಇರಲಿಲ್ಲ, ಅಳುವವರೂ ಇದ್ದರು. ಆದರೆ ಎದೆಯ ಮೇಲೆ ಒಂದು ಕೈ ಬೀಳಲಿಲ್ಲ. ಇಪ್ಪತ್ತೈದು ನಿಮಿಷದ ಮೇಲೆ ಜೀಪು ಬಂತು, ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಅಯ್ಯೋ, ನಾನು ಗಾಜಿನ ಹಿಂದೆ ಬಾಯಿ ತೆರೆದುಕೊಂಡು ನೋಡುತ್ತಲೇ ಇದ್ದೆ. ಆ ಇಪ್ಪತ್ತೈದು ನಿಮಿಷ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಐದನೇ ದಿನ ಕೊಟ್ರೇಶಿಯ ಅಣ್ಣ ಬಂದ. ಹೆಸರು ಗುರುಶಾಂತಪ್ಪ, ಬಸ್ ಕಂಡಕ್ಟರು. ತಮ್ಮನ ಊಟದ ಡಬ್ಬಿ, ಚಪ್ಪಲಿ ತೆಗೆದುಕೊಂಡು ಹೋಗಲು ಬಂದವನು ಬೀರುವಿನ ಮುಂದೆ ನಿಂತ.

"ಇದೇನ್ರೀ ಸಾಹೇಬ್ರ, ಅರ್ಧ ಮನಿಶಾ?"

ಅಧಿಕಾರಿ ಸುಳ್ಳು ಹೇಳುವ ಮನುಷ್ಯನಲ್ಲ. ನಿಂತ ಎದೆ ಒತ್ತೋದು ಹೇಗೆ ಅಂತ ಕಲಿಸೋ ಬೊಂಬೆ ಎಂದ. ಗುರುಶಾಂತಪ್ಪ ಡಬ್ಬಿಯನ್ನು ಎದೆಗವಚಿಕೊಂಡ.

"ಅವತ್ತೂ ಇಲ್ಲೇ ಇತ್ತೇನ್ರಿ ಇದು?"

"ಇತ್ತು. ಎಲ್ಲರಿಗೂ ಕಲಿಸಬೇಕು ಅಂತಾನೇ ಇತ್ತು. ಕಬ್ಬು ನುರಿಸೋ ಹಂಗಾಮು ಮುಗೀಲಿ ಅಂತ..."

ಗುರುಶಾಂತಪ್ಪ ಕೂಗಾಡಲಿಲ್ಲ. ಗಾಜಿಗೆ ಅಂಗೈ ಒತ್ತಿ ಬಹಳ ಹೊತ್ತು ನಿಂತ. ಅವನು ಹೋದ ಮೇಲೂ ಆ ಅಂಗೈಯ ಬೆವರಿನ ಗುರುತು ಗಾಜಿನ ಮೇಲೆ ಉಳಿದಿತ್ತು. ಅಧಿಕಾರಿ ಅದನ್ನು ಒರೆಸಲು ಬಿಡಲಿಲ್ಲ. ಎರಡು ತಿಂಗಳ ಮೇಲೆ ಗುರುಶಾಂತಪ್ಪ ಮತ್ತೆ ಬಂದ. ರಜೆ ಹಾಕಿ, ಆಸ್ಪತ್ರೆಯ ನರ್ಸೊಬ್ಬರ ಹತ್ತಿರ ಪ್ರಥಮ ಚಿಕಿತ್ಸೆ ಕಲಿತು ಸರ್ಟಿಫಿಕೇಟು ಹಿಡಿದುಕೊಂಡೇ ಬಂದಿದ್ದ. "ಆ ಅರ್ಧ ಮನಿಶಾನ್ನ ನನಗ ಕೊಡ್ರಿ" ಎಂದ. ಅಧಿಕಾರಿ ಜೇಬಿನಿಂದ ಕೀಲಿ ತೆಗೆದ.

ನನ್ನ ಪ್ಲಾಸ್ಟಿಕ್ ಚೀಲ ಬಿಚ್ಚಿದ್ದು ಅವತ್ತು.

ಮೊದಲು ಗುರುಶಾಂತಪ್ಪ ರಜೆಯ ದಿನಗಳಲ್ಲಿ, ನಿವೃತ್ತಿಯಾದ ಮೇಲೆ ದಿನಾ, ನನ್ನನ್ನು ಗೋಣಿಚೀಲದಲ್ಲಿಟ್ಟು ಹೆಗಲಿಗೇರಿಸಿಕೊಂಡು ಊರೂರು ತಿರುಗಿದ. ಬಸ್ಸಿನಲ್ಲಿ ನನ್ನ ತಲೆ ಚೀಲದಿಂದ ಹೊರಗೆ ಇಣುಕುತ್ತಿತ್ತು. ಹಳೆಯ ಜೊತೆಗಾರ ಕಂಡಕ್ಟರೊಬ್ಬ, "ಏನಪಾ, ಇವರಿಗೆ ಅರ್ಧ ಟಿಕೆಟ್ ಹರೀಲೇನು?" ಎಂದ. ಅವತ್ತಿನಿಂದ ನನ್ನ ಹೆಸರು ಅರ್ಧಪ್ಪ. ಹೆಸರು ಇಟ್ಟವನು ಮರೆತಿರಬೇಕು, ನನಗಂತೂ ಅಂಟಿಕೊಂಡಿತು.

ಶಾಲೆ, ಗರಡಿಮನೆ, ಹಾಲಿನ ಡೇರಿ, ಆಟೋ ಸ್ಟ್ಯಾಂಡು, ಮೆಣಸಿನಕಾಯಿ ಗೋದಾಮು. ಎಲ್ಲೆಂದರಲ್ಲಿ ನನ್ನನ್ನು ಮಲಗಿಸಿದರು, ಎಲ್ಲರೂ ಒತ್ತಿದರು. ಗರಡಿಯ ಪೈಲ್ವಾನರು ನನ್ನ ಬೆನ್ನು ನೆಲಕ್ಕೆ ಹತ್ತುವ ಹಾಗೆ ಗುದ್ದಿದರು. ಹೊಸ ಸೊಸೆಯಂದಿರು ಗಂಡಸಿನ ಎದೆ ಮುಟ್ಟುವುದು ಹೇಗೆ ಎಂದು ಸೆರಗು ಬಾಯಿಗೆ ಹಿಡಿದು ನಕ್ಕರು. ಗುರುಶಾಂತಪ್ಪನಿಗೆ ಒಂದು ವರಸೆ ಇತ್ತು. ತರಗತಿ ಶುರುವಾದ ಐದು ನಿಮಿಷಕ್ಕೆ, ಮಾತಾಡುತ್ತ ಮಾತಾಡುತ್ತಲೇ ಎದೆ ಹಿಡಿದುಕೊಂಡು ದೊಪ್ಪನೆ ಬೀಳುತ್ತಿದ್ದ. ಜನ ಗಾಬರಿಬಿದ್ದು ಉಳ್ಳಾಗಡ್ಡಿ, ನೀರು, ಕೀಲಿ ಎಂದು ಓಡಾಡುವುದನ್ನು ಅರೆಗಣ್ಣಿನಲ್ಲಿ ನೋಡಿ ಎದ್ದು ಕೂರುತ್ತಿದ್ದ. "ನಾನು ಖರೇನ ಬಿದ್ದಿದ್ರ ಇಷ್ಟೊತ್ತಿಗೆ ಹೆಣ ಆಗಿರ್ತಿದ್ದೆ. ಈಗ ಕಲೀರಿ" ಎನ್ನುತ್ತಿದ್ದ. ನಾಟಕ ಚೆನ್ನಾಗಿಯೇ ಆಡುತ್ತಿದ್ದ. ಆದರೆ ಬೀಳುವ ಮುಂಚೆ ಮರೆಯದೆ ಚಸ್ಮಾ ತೆಗೆದು ಅಂಗಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಒಮ್ಮೆ ಬಿದ್ದು ಗಾಜು ಒಡೆದುಕೊಂಡಿದ್ದನಲ್ಲ, ಅಂದಿನಿಂದ ಆ ಜಾಗ್ರತೆ.

ಪ್ರತಿ ತರಗತಿಯ ಕೊನೆಗೆ ಬೋರ್ಡಿನ ಮೇಲೆ ತನ್ನ ನಂಬರು ಬರೆದು ಕೈ ಮುಗಿಯುತ್ತಿದ್ದ. "ಇದು ಎಂದಾದರೂ ಉಪಯೋಗಕ್ಕ ಬಿದ್ರ, ಒಂದಾ ಒಂದು ಫೋನ್ ಮಾಡ್ರಿ. ಮತ್ತೇನೂ ಬ್ಯಾಡ."

ಹನ್ನೊಂದು ವರ್ಷ. ಅಂಥ ಒಂದೇ ಒಂದು ಫೋನ್ ಬರಲಿಲ್ಲ. ಬಂದವೆಲ್ಲ ಮದುವೆಯ ಕರೆ, ಇಲ್ಲವೇ ಮುಂದಿನ ತರಗತಿ ಯಾವಾಗ ಎಂಬ ಪ್ರಶ್ನೆ. ಫೋನ್ ಗುಣುಗುಟ್ಟಿದಾಗಲೆಲ್ಲ ಅವನು ಊಟದ ಕೈಯಲ್ಲೇ ಎತ್ತುವುದನ್ನು ನಾನು ಮೂಲೆಯಿಂದ ನೋಡುತ್ತಿದ್ದೆ. ಒಂದು ಸಂಜೆ ನನ್ನ ಮುಖ ಒರೆಸುತ್ತ, "ಅರ್ಧಪ್ಪ, ಸಾವಿರಾರು ಕೈ ನಿನ್ನ ಎದಿ ಮ್ಯಾಲೆ ಬಿದ್ದಾವ. ಒಂದಾದ್ರೂ ಜೀವ ಹಿಡದೈತೋ ಇಲ್ಲೋ? ಇಲ್ಲಾಂದ್ರ ನಾನು ಕೊಟ್ರೇಶಿ ಹೆಸರಿನಾಗ ಹುಚ್ಚುಚ್ಚಾರ ತಿರುಗಿದಂಗಾತು" ಎಂದ. ನನ್ನದೂ ಅದೇ ಸಂಕಟ. ಒತ್ತಿದವರು ಎದ್ದು ಹೋಗುತ್ತಾರೆ, ಆಮೇಲೆ ಅವರ ಕೈ ಏನು ಮಾಡಿತು ಎಂದು ನನಗೆ ಯಾರು ಹೇಳಬೇಕು?

ಇಷ್ಟರ ನಡುವೆ ಹಾಲವ್ವ ಬಂದಳು. ದೊಡ್ಡಮುಗಳಿ ಎಂಬ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಆ ಶಾಲೆಯ ಹಾಲ್‌ನಲ್ಲಿ ವರ್ಷಕ್ಕೊಮ್ಮೆ ಸುತ್ತಲಿನ ಅಡುಗೆಯವರಿಗೆ, ಶಿಕ್ಷಕರಿಗೆ ತರಗತಿ. ಹಾಲವ್ವ ನನ್ನ ಪಕ್ಕ ಮೊಣಕಾಲೂರಿ ಕೂತು, ಬಳೆ ಹಿಂದಕ್ಕೆ ಸರಿಸಿ, ಒತ್ತಲು ಶುರುಮಾಡಿದಳು. "ಲಾಭ, ಎರಡು, ಮೂರು, ನಾಕು..." ಕಾಳು ಅಳೆಯುವವರು ಮೊದಲ ಸೇರಿಗೆ ಒಂದು ಎನ್ನದೆ ಲಾಭ ಎನ್ನುತ್ತಾರೆ. ದಿನಾ ಬೆಳಿಗ್ಗೆ ಉಗ್ರಾಣದಲ್ಲಿ ಅಕ್ಕಿ ಅಳೆಯುವ ಅವಳ ಬಾಯಿಗೆ ಬೇರೆ ಎಣಿಕೆ ಬರುತ್ತಿರಲಿಲ್ಲ. ಒಂದು ಸುತ್ತಿಗೆ ಮೂವತ್ತು ಒತ್ತು, ಮೂವತ್ತಕ್ಕೆ ಮೂವತ್ತೂ ಟಿಕ್ ಅಂದೆ ನೋಡಿ! ಅಂಥ ಕೈಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ದೊಡ್ಡ ಹಂಡೆಯಲ್ಲಿ ಅನ್ನ ತಿರುವಿ ತಿರುವಿ ಪಳಗಿದ ತೋಳುಗಳು.

ಗುರುಶಾಂತಪ್ಪನಿಗೆ ಮಾತ್ರ ಸಿಟ್ಟು ಬಂತು.

"ಇದೇನು ಜ್ವಾಳದ ರಾಶಿ ಏನವಾ? ಒಂದು ಅನ್ನು."

"ಒಂದು ಅಂತ ಹ್ಯಾಂಗ ಶುರು ಮಾಡೋದ್ರಿ ಮಾಸ್ತರ? ನಮ್ಮವ್ವ ಹಂಗ ಕಲಿಸಿಲ್ರಿ."

"ಹಂಗಾರ ನಿಮ್ಮವ್ವನ ಕಡೀಂದನಾ ಸರ್ಟಿಫಿಕೇಟ್ ತಗೋ."

ಕೊಡಲೇ ಇಲ್ಲ ಅವನು! ಪುಣ್ಯಾತ್ಮನಿಗೆ ಶಿಸ್ತಿನ ಹುಚ್ಚು. ಹೆಂಗಸರೆಲ್ಲ ನಕ್ಕರು, ಹಾಲವ್ವ ಮುಖ ಕೆಂಪಗೆ ಮಾಡಿಕೊಂಡು ಹೋದಳು. ಸರ್ಟಿಫಿಕೇಟು ಇಲ್ಲದ್ದರಿಂದ ಮರುವರ್ಷ ಮತ್ತೆ ಬರಬೇಕಾಯಿತು. ಮತ್ತೆ ಲಾಭ, ಮತ್ತೆ ಮೂವತ್ತು ಟಿಕ್, ಮತ್ತೆ ಜಗಳ, ಮತ್ತೆ ಬರಿಗೈ. ನನಗೆ ಮಾತು ಬಂದಿದ್ದರೆ ಅವನನ್ನು ನಾನೇ ಬೈಯುತ್ತಿದ್ದೆ.

ಮೂರನೇ ವರ್ಷದ ತರಗತಿಯ ದಿನ ಬೆಳಿಗ್ಗೆಯಿಂದಲೇ ನನಗೆ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ಬಸ್ ಸ್ಟ್ಯಾಂಡಿನಿಂದ ಶಾಲೆಗೆ ಇನ್ನೂರು ಹೆಜ್ಜೆ, ಅಷ್ಟರಲ್ಲೇ ನನ್ನನ್ನು ಮೂರು ಸಲ ನೆಲಕ್ಕಿಳಿಸಿದ. ಬೆವರು ಅವನ ಹೆಗಲಿನಿಂದ ಚೀಲಕ್ಕೆ, ಚೀಲದಿಂದ ನನ್ನ ರಬ್ಬರು ಕೆನ್ನೆಗೆ ಇಳಿಯಿತು. ಎಡಗೈಯನ್ನು ಮತ್ತೆ ಮತ್ತೆ ಒದರಿದ. ದವಡೆ ತಿಕ್ಕಿಕೊಂಡ. ಶಾಲೆಯ ಮುಖ್ಯ ಶಿಕ್ಷಕರು "ಯಾಕ ಮಾಸ್ತರ, ಮಾರಿ ಬಾಡೈತಲ್ಲ?" ಎಂದು ಕೇಳಿದರು. "ಗ್ಯಾಸ್ ಆಗೈತ್ರಿ. ಬೆಳಿಗ್ಗೆ ಮಿರ್ಚಿ ತಿಂದೆ" ಎಂದ. ಎದೆ ನೋವು, ಬೆವರು, ಕೈ ಜೋಮು ಬಂದರೆ ಗ್ಯಾಸ್ ಎಂದು ಹೇಳಬೇಡಿ, ಕೂಡಲೇ ಆಸ್ಪತ್ರೆಗೆ ಓಡಿ ಎಂದು ಹನ್ನೊಂದು ವರ್ಷ ಊರಿಗೆಲ್ಲ ಸಾರಿದ ಬಾಯಿಂದಲೇ ಆ ಮಾತು! ನನ್ನ ಸ್ಪ್ರಿಂಗೇ ಹರಿದುಹೋಗುವ ಹಾಗಾಯಿತು. ಒಂದು ಲೋಟ ಸೋಡಾ ಕುಡಿದು ತೇಗಿ ಹಾಲ್‌ಗೆ ಬಂದ.

ನಲವತ್ತು ಜನ ಚಾಪೆಯ ಮೇಲೆ ಕೂತಿದ್ದರು. ಅರ್ಧಕ್ಕರ್ಧ ಹಳಬರು. ನನ್ನನ್ನು ನಡುವೆ ಮಲಗಿಸಿ ಗುರುಶಾಂತಪ್ಪ ಮಾತು ಶುರುಮಾಡಿದ. "ಮನಿಶಾನ ಎದಿ ಅಂದ್ರ..." ಎಂದವನು ಅಲ್ಲೇ ನಿಂತ. ಮುಖ ಬೂದಿಯಾಯಿತು. ನನ್ನ ಪಕ್ಕದಲ್ಲೇ ದೊಪ್ಪನೆ ಬಿದ್ದ.

ಹಳಬರು ಕಿಸಕ್ಕನೆ ನಕ್ಕರು. ಹೊಸಬನೊಬ್ಬ ಎದ್ದು ಓಡಿಬರಲು ನೋಡಿದ, ಒಬ್ಬ ಶಿಕ್ಷಕ ಅವನ ಅಂಗಿ ಹಿಡಿದೆಳೆದ. "ಕುಂದರೋ. ನಾಟಕ ಅದು. ದರ ವರ್ಷ ಬೀಳ್ತಾರ." ಒಬ್ಬರಿಬ್ಬರು ಚಪ್ಪಾಳೆ ತಟ್ಟಿದರು. "ಈ ಸಲ ಭಾರಿ ಆತ್ರಿ ಮಾಸ್ತರ!" ಎಂದರು.

ನನಗೂ ಅವನಿಗೂ ಒಂದು ಗೇಣು ದೂರ. ಅವನ ಮುಖ ನನ್ನ ಕಡೆಗೇ ಇತ್ತು. ಚಸ್ಮಾ ಮೂಗಿನ ಮೇಲೆಯೇ ಇತ್ತು, ಒಂದು ಗಾಜು ಸೀಳಿ ಹುಬ್ಬಿಗೆ ಒತ್ತಿಕೊಂಡಿತ್ತು. ಏಳ್ರೋ, ಮೂಢರಾ, ಇದು ನಾಟಕವಲ್ಲ! ನನ್ನೊಳಗೆ ಇಷ್ಟೆಲ್ಲ ಕೂಗು ತುಂಬಿಕೊಂಡರೂ ಹೊರಗೆ ಒಂದು ಟಿಕ್ ಕೂಡ ಬರಲಿಲ್ಲ. ನನ್ನನ್ನು ಒತ್ತುವ ಕೈಯಿಲ್ಲದೆ ನಾನು ಏನೂ ಅಲ್ಲ. ಸಕ್ಕರೆ ಕಾರ್ಖಾನೆಯ ಗಾಜಿನ ಬೀರು ಮತ್ತೆ ನನ್ನ ಸುತ್ತ ಬಂದು ನಿಂತ ಹಾಗಾಯಿತು. ಅಂದು ತಮ್ಮ, ಇಂದು ಅಣ್ಣ.

ಹಿಂದಿನ ಸಾಲಿನಿಂದ ಒಂದು ದನಿ ಎದ್ದಿತು.

"ಚಸ್ಮಾ ತಗದಿಲ್ಲ."

ಹಾಲವ್ವ. ಎರಡು ವರ್ಷ ಆ ನಾಟಕ ನೋಡಿದವಳು. ಕೂತವರ ಮೇಲೆ ಹಾಯ್ದುಕೊಂಡೇ ಬಂದಳು. "ಬೀಳಾಕ ಮೊದಲ ಚಸ್ಮಾ ತಗೀತಾರವರು. ಇವತ್ತ ತಗದಿಲ್ಲ!" ಎನ್ನುತ್ತಲೇ ಅವನ ಭುಜ ಹಿಡಿದು ಅಲುಗಾಡಿಸಿದಳು. "ಮಾಸ್ತರ! ಏ ಮಾಸ್ತರ!" ಉತ್ತರವಿಲ್ಲ. ಗಂಟಲಿನಿಂದ ಗೊರಕೆಯಂಥ ಸದ್ದು ಒಂದು ಸಲ ಬಂತು, ನಿಂತಿತು, ಮತ್ತೆ ಬಂತು.

"ಉಸಿರಾಡಾಕತ್ತಾರಲ್ಲ" ಎಂದ ಶಿಕ್ಷಕ.

"ಇದು ಉಸಿರಲ್ರಿ. ಹಿಂಗ ಗೊರಕಿ ಹೊಡದ್ರ ಎದಿ ನಿಂತೈತಿ ಅಂತ ಇವರಾ ಹೇಳ್ಯಾರ." ಬೆರಳು ಚಾಚಿ ಒಬ್ಬಳನ್ನು ತೋರಿಸಿದಳು. "ಏ ಹಸರ ಸೀರಿಯಾಕಿ, ನೀನಾ, ೧೦೮ಕ್ಕ ಫೋನ್ ಹಚ್ಚು. ಊರ ಹೆಸರು ಹೇಳು, ಶಾಲಿ ಅಂತ ಹೇಳು." ಯಾರಾದರೂ ಫೋನ್ ಮಾಡಿ ಎಂದರೆ ಯಾರೂ ಮಾಡುವುದಿಲ್ಲ, ಒಬ್ಬರನ್ನು ತೋರಿಸಿ ಹೇಳಬೇಕು ಎಂಬುದೂ ಅವನ ಪಾಠವೇ. ಯಾರೋ ನೀರಿನ ಚೊಂಬು ತಂದರು. ಹಾಲವ್ವ ಮೊಣಕೈಯಿಂದ ತಳ್ಳಿದ ರಭಸಕ್ಕೆ ಚೊಂಬು ಉರುಳಿ ನೀರೆಲ್ಲ ನನ್ನ ಮೇಲೆ ಚೆಲ್ಲಿತು.

ಅವನನ್ನು ಅಂಗಾತ ಹೊರಳಿಸಿ ಮೊಣಕಾಲೂರಿದಳು. ಬಳೆ ಸರಿಸಿದಳು. ಅಂಗೈ ಮೇಲೆ ಅಂಗೈ, ಎದೆಯ ನಟ್ಟನಡುವೆ.

"ಲಾಭ, ಎರಡು, ಮೂರು, ನಾಕು..."

ನಾಲ್ಕಾರು ಒತ್ತಿಗೆ ಅವಳ ಹುಬ್ಬು ಗಂಟಿಕ್ಕಿತು. ನನಗೆ ಕೂಡಲೇ ಗೊತ್ತಾಯಿತು: ಅವಳು ಟಿಕ್‌ಗಾಗಿ ಕಾಯುತ್ತಿದ್ದಾಳೆ. ಮನುಷ್ಯನ ಎದೆ ಟಿಕ್ ಅನ್ನುವುದಿಲ್ಲವಲ್ಲ! ಸರಿ ಇದ್ದೀಯ ತಾಯಿ, ಇನ್ನೂ ಒತ್ತು, ಮೇಲೆ ಬರಲು ಬಿಡು, ಮತ್ತೆ ಒತ್ತು. ಹನ್ನೆರಡನೆಯದಕ್ಕೆ ಸದ್ದು ಬಂತು. ಟಿಕ್ ಅಲ್ಲ, ಲಟಕ್. ಪಕ್ಕೆಲುಬು. ಹಾಲವ್ವನ ಕೈ ಗಾಳಿಯಲ್ಲೇ ನಿಂತಿತು. "ಅಯ್ಯ ಶಿವನ, ಮುರದ್ನೆಲ್ಲ!" ಎಂದಳು. ಹಾಲ್‌ನಲ್ಲಿ ಯಾರೋ ಚೀರಿದರು, ಯಾರೋ "ಬಿಡು, ಬಿಡು" ಎಂದರು. ಅವಳು ಸುತ್ತಲೂ ನೋಡಿ, ಕೊನೆಗೆ ನನ್ನ ಮುಖ ನೋಡಿದಳು. ಎಲುಬು ಮುರಿದರೆ ಕೂಡುತ್ತದೆ, ನಿಲ್ಲಿಸಿದರೆ ಮನುಷ್ಯ ಹೋಗುತ್ತಾನೆ ಎಂದು ಅವನು ನನ್ನ ಮೈಮೇಲೆ ಕೈಯಿಟ್ಟೇ ಹೇಳುತ್ತಿದ್ದ. ಅದು ಅವಳಿಗೆ ನೆನಪಾಗಿರಬೇಕು.

"ಹದಿಮೂರು" ಎಂದಳು. "ಹದಿನಾಕು. ಹದಿನೈದು."

ಎರಡು ನಿಮಿಷಕ್ಕೆ ತೋಳು ಸೋತಾಗ ತನ್ನ ಜೊತೆಯ ಅಡುಗೆಯವಳನ್ನು ಕೂಗಿದಳು. ಹಂಡೆ ತಿರುವುವಾಗ ಸೌಟು ಕೈ ಬದಲಾಯಿಸುವ ಹಾಗೆ, ನಡುವೆ ಬಿಡುವು ಬೀಳದಂತೆ ಇಬ್ಬರೂ ಸರದಿ ತೆಗೆದುಕೊಂಡರು. ಮೂರನೆಯವಳು ಬಂದಳು. ಹದಿನಾಲ್ಕು ನಿಮಿಷ. ಪ್ರತಿ ಸರದಿಯೂ ಲಾಭದಿಂದಲೇ ಶುರುವಾಯಿತು, ಅವರಿಗೂ ಬೇರೆ ಎಣಿಕೆ ಬಾರದು. ಕೊನೆಗೆ ಹೊರಗೆ ಸೈರನ್ ಕೇಳಿಸಿತು. ಬಂದವರು ಅವನ ಎದೆಗೆ ಪಟ್ಟಿ ಅಂಟಿಸಿ, ಎಲ್ಲರನ್ನೂ ದೂರ ಸರಿಸಿ, ಒಂದು ಸಲ ಕರೆಂಟು ಕೊಟ್ಟರು, ಎರಡನೇ ಸಲವೂ ಕೊಟ್ಟರು. ಕತ್ತಿಗೆ ಬೆರಳಿಟ್ಟಿದ್ದ ಯುವಕ, "ನಾಡಿ ಐತಿ" ಎಂದ. ಹೊತ್ತುಕೊಂಡು ಹೋದರು. ಹಾಲವ್ವ ಗೋಡೆಗೊರಗಿ ಕೂತು ಗೋಳೋ ಎಂದು ಅತ್ತಳು.

ನನ್ನನ್ನು ಅಕ್ಕಿಯ ಉಗ್ರಾಣದಲ್ಲಿ ಹಾಕಿದರು. ಬದುಕಿದನೋ ಇಲ್ಲವೋ? ಕೇಳುವ ಬಾಯಿಯಿಲ್ಲ, ಹೇಳುವವರಿಲ್ಲ. ಮೂರು ದಿನ ಮೂಟೆಗಳ ನಡುವೆ ಬಿದ್ದುಕೊಂಡು ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ನಾಲ್ಕನೇ ಬೆಳಿಗ್ಗೆ ಹಾಲವ್ವ ಅಕ್ಕಿ ಅಳೆಯಲು ಬಂದಳು. ಸೇರು ಕೈಯಲ್ಲಿ ಹಿಡಿದೇ ನನ್ನ ಕಡೆ ತಿರುಗಿ, "ಅರ್ಧಪ್ಪ, ನಿಮ್ಮ ಮಾಸ್ತರ ಇವತ್ತ ಗಂಜಿ ಕುಡದ್ರಂತ. ಎದಿ ನೋಯಾಕತ್ತೈತಿ ಅಂತ ನನ್ನ ಬೈಯಾಕತ್ತಾರಂತ" ಎಂದಳು. ನಕ್ಕಳು, ಕಣ್ಣೊರೆಸಿಕೊಂಡಳು, ಅಕ್ಕಿಗೆ ಕೈ ಹಾಕಿದಳು.

ಎರಡು ತಿಂಗಳಿಗೆ ಅವನು ಬಂದ. ಅಂಗಿ ಮೈಮೇಲೆ ಜೋತಾಡುತ್ತಿತ್ತು. ಉಗ್ರಾಣದ ಮೂಟೆಯ ಮೇಲೆ ಕೂತು, ನನ್ನ ಎದೆಯ ಮೇಲೆ ಕೈಯಿಟ್ಟ. "ಅರ್ಧಪ್ಪ, ಹನ್ನೊಂದು ವರ್ಷ ಒಂದು ಫೋನ್ ಬರಲಿಲ್ಲ ನೋಡು" ಎಂದ. ಹೇಳುತ್ತಿದ್ದಂತೆ ಅವನ ಜೇಬಿನಲ್ಲಿ ಫೋನ್ ಗುಣುಗುಟ್ಟಿತು. ಎತ್ತಿದ. ಎದುರಿನ ಅಡುಗೆಮನೆಯ ಬಾಗಿಲಲ್ಲಿ ಹಾಲವ್ವ ಕಿವಿಗೆ ಫೋನ್ ಹಿಡಿದು ನಿಂತಿರುವುದು ನನಗೆ ಕಾಣುತ್ತಿತ್ತು. ಹತ್ತು ಹೆಜ್ಜೆ ದೂರ, ಅಷ್ಟೇ. ಅವಳ ದನಿ ಬಾಗಿಲಿನಿಂದಲೂ ಕೇಳಿಸಿತು, ಫೋನಿನಿಂದಲೂ ಕೇಳಿಸಿತು.

"ಮಾಸ್ತರ, ನಾನು ಹಾಲವ್ವ, ದೊಡ್ಡಮುಗಳಿ ಶಾಲಿಯಾಕಿ. ನೀವು ಕಲಿಸಿದ್ದು ಉಪಯೋಗಕ್ಕ ಬಿತ್ರಿ. ಬಿದ್ರ ಫೋನ್ ಮಾಡ್ರಿ ಅಂದಿದ್ರೆಲ್ಲ, ಅದಕ್ಕ ಮಾಡೀನಿ."

ಗುರುಶಾಂತಪ್ಪ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. "ಕೊಟ್ರೇಶಿ" ಎಂದ ಒಂದು ಸಲ, ಆಮೇಲೆ ಮಗುವಿನ ಹಾಗೆ ಅತ್ತ. ಸುಮಾರು ಹೊತ್ತಿನ ಮೇಲೆ ಕೇಳಿದ: "ಹಾಲವ್ವ, ಖರೇ ಹೇಳು. ನನ್ನ ಎದಿ ಮ್ಯಾಲೆ ಏನಂತ ಎಣಿಸಿದಿ?"

"ಮತ್ತೇನಂತ ಎಣಿಸ್ಲಿ ಮಾಸ್ತರ. ಲಾಭ ಅಂತಾನ."

ಸರ್ಟಿಫಿಕೇಟನ್ನು ಅವನು ಅವತ್ತು ಚೀಲದಲ್ಲೇ ತಂದಿದ್ದ. ಅವಳ ಹೆಸರನ್ನು ದೊಡ್ಡದಾಗಿ ಬರೆಸಿದ್ದ.

ಈಗ ನನಗೆ ವಯಸ್ಸಾಯಿತು. ಸ್ಪ್ರಿಂಗ್ ಸತ್ತಿದೆ, ಕೆನ್ನೆಯ ರಬ್ಬರು ಸುಲಿದಿದೆ, ಎಷ್ಟು ಒತ್ತಿದರೂ ಟಿಕ್ ಬರುವುದಿಲ್ಲ. ಹಾಲ್‌ಗೆ ಹೊಸ ಬೊಂಬೆ ಬಂದಿದೆ, ಸರಿಯಾಗಿ ಒತ್ತಿದರೆ ಹಸಿರು ದೀಪ ಹತ್ತುತ್ತದಂತೆ. ನಾನು ಇದೇ ಉಗ್ರಾಣದ ಮೂಲೆಯಲ್ಲಿ ಅಕ್ಕಿ ಮೂಟೆಗಳಿಗೆ ಒರಗಿದ್ದೇನೆ. ಮೂಲೆ ಸೇರಿದವರಿಗೆ ನೆಮ್ಮದಿ ಇರುತ್ತದೆ ಎನ್ನುತ್ತಾರೆ, ನನಗಂತೂ ಅದು ಬಂದಿಲ್ಲ. ನೀವೂ ಎಲ್ಲೋ ನಡೆದು ಹೋಗುತ್ತಿರುತ್ತೀರಿ, ನಿಮ್ಮ ಮುಂದೆ ಯಾರೋ ಕುಸಿಯುತ್ತಾರೆ, ಆಗ ನಿಮ್ಮ ಕೈಗೆ ಏನು ಗೊತ್ತಿರುತ್ತದೆ ಎಂಬ ತಳಮಳ ನನ್ನನ್ನು ಬಿಡುವುದಿಲ್ಲ. ಪಕ್ಕದ ಹಾಲ್‌ನಲ್ಲಿ ಇವತ್ತು ತರಗತಿ ಇದೆ. ಗುರುಶಾಂತಪ್ಪ ಕುರ್ಚಿಯಲ್ಲಿ ಕೂತು ಕೇಳುತ್ತಾನೆ, ಕಲಿಸುವವಳು ಹಾಲವ್ವ. ನಲವತ್ತು ದನಿ ಒಟ್ಟಿಗೆ ಲಾಭ ಎಂದು ಶುರುಮಾಡುತ್ತವೆ. ನಾನು ಗೋಡೆಯ ಈಚೆ ಒಂದೊಂದನ್ನೂ ಎಣಿಸುತ್ತೇನೆ, ಮೂವತ್ತು ಮುಟ್ಟುವ ಮುಂಚೆ ಯಾರಾದರೂ ನಿಲ್ಲಿಸಿದರೆ ಈಗಲೂ ನನಗೆ ತಡೆಯಲಾಗುವುದಿಲ್ಲ.